ವರ್ಗಾವಣೆಯ ಋತು

ನಮ್ಮ ಪಂಚಾಂಗದಲ್ಲಿ ಆರು ಋತುಗಳು. ಸರ್ಕಾರಿ ಶಾಲೆಯ ಮೇಷ್ಟರ ಪಂಚಾಂಗದಲ್ಲಿ ಮಾತ್ರ ಏಳು. ಆ ಏಳನೆಯದು ವರ್ಗಾವಣೆಯ ಋತು. ಪರೀಕ್ಷೆಗಳು ಮುಗಿದು, ಮೌಲ್ಯಮಾಪನದ ಕೆಂಪು ಶಾಯಿಯ ಕಲೆ ಬೆರಳಿನಿಂದ ಮಾಸುವ ಮೊದಲೇ ಅದು ಆರಂಭವಾಗುತ್ತಿತ್ತು. ಶಿಕ್ಷಕರ ಕೊಠಡಿಯಲ್ಲಿ ಪಾಠದ ಮಾತು ಹಿಂದೆ ಸರಿದು 'ಅಂತೆ'ಗಳ ಮಾತು ಮುಂದೆ ಬರುತ್ತಿತ್ತು. ವಿಜ್ಞಾನದವರು ತುಮಕೂರಿನ ಕಡೆಗೆ ಹೋಗುತ್ತಾರಂತೆ, ಅವರ ಜಾಗಕ್ಕೆ ಹಾಸನದಿಂದ ಒಬ್ಬರು ಬರುತ್ತಾರಂತೆ, ಹಿಂದಿಯವರ ಅರ್ಜಿ ಮೇಲಿನ ತನಕ ಹೋಗಿದೆಯಂತೆ. ಯಾರೂ ಕಂಡದ್ದಿಲ್ಲ, ಎಲ್ಲರೂ ಕೇಳಿದ್ದೇ. ಆದರೂ ಆ ಅಂತೆಕಂತೆಗಳನ್ನು ನೆಂಚಿಕೊಂಡು ಕುಡಿದ ಚಹಾದ ರುಚಿ ಬೇರೆಯೇ ಆಗಿರುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ಶಿಕ್ಷಕರಾಗಿರುವ ಹಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದೇ ಋತು ಸಾವಿರಾರು ಮೈಲಿಗಳಾಚೆ, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿಯೂ ಇದೆ ಎಂಬುದನ್ನು ನಾನು 2024-25ರ ಚಳಿಗಾಲದಲ್ಲಿ ಕಣ್ಣಾರೆ ಕಂಡೆ. ಡಲ್ಲಾಸ್ ನಗರದ ಉತ್ತರಕ್ಕಿರುವ ಒಂದು ಬಡಾವಣೆಯಲ್ಲಿ ಮಗಳ ಮನೆಯಲ್ಲಿ ಸುಮಾರು ಆರು ತಿಂಗಳು ಇದ್ದೆ. ಅಲ್ಲಿ ಅಂತೆಕಂತೆಗಳ ವಸ್ತು ಮೇಷ್ಟರುಗಳಲ್ಲ, ಬ್ಯಾಸ್ಕೆಟ್‌ಬಾಲ್ ಆಟಗಾರರು. ಯಾವ ಆಟಗಾರನನ್ನು ಯಾವ ತಂಡಕ್ಕೆ ಕೊಟ್ಟು ಯಾರನ್ನು ತರುತ್ತಾರೆ ಎಂಬ ಊಹೆ ಅಲ್ಲಿನ ಜನರಿಗೆ ಆಟದಷ್ಟೇ, ಕೆಲವೊಮ್ಮೆ ಆಟಕ್ಕಿಂತಲೂ ದೊಡ್ಡ ಆಟ. ಇಂದು ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ.

ಮೇಷ್ಟರಿಗೂ ಬ್ಯಾಸ್ಕೆಟ್‌ಬಾಲಿಗೂ ಏನು ಸಂಬಂಧ ಎಂದು ನೀವು ನಗಬಹುದು. ಸಂಬಂಧ ಮೂಲದಲ್ಲೇ ಇದೆ. ಈ ಆಟವನ್ನು ಹುಟ್ಟುಹಾಕಿದವರೇ ಒಬ್ಬ ಮೇಷ್ಟರು. ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಕರು 1891ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ, ಚಳಿಯಿಂದ ಹೊರಗೆ ಆಡಲಾಗದೆ ಗಲಾಟೆ ಮಾಡುತ್ತಿದ್ದ ತರಗತಿಯೊಂದನ್ನು ಸುಮ್ಮನಾಗಿಸಲು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಹೊಡೆದು, ಹದಿಮೂರು ನಿಯಮ ಬರೆದು ಗೋಡೆಗೆ ಅಂಟಿಸಿದರು. ಗಲಾಟೆಯ ತರಗತಿಯಿಂದ ಇಷ್ಟು ದೊಡ್ಡ ಫಲ ಪಡೆದ ಶಿಕ್ಷಕರು ಜಗತ್ತಿನಲ್ಲಿ ಬಹಳ ಮಂದಿ ಇರಲಾರರು.

ಇಂದು ಆ ಆಟದ ಅತ್ಯುನ್ನತ ವೇದಿಕೆ ಎನ್‌ಬಿಎ. ಅದರಲ್ಲಿ ಮೂವತ್ತು ತಂಡಗಳು. ಅಕ್ಟೋಬರಿನಿಂದ ಏಪ್ರಿಲಿನ ತನಕ ಒಂದೊಂದು ತಂಡಕ್ಕೂ 82 ಪಂದ್ಯಗಳು. ಡಲ್ಲಾಸಿನ ತಂಡದ ಹೆಸರು ಮ್ಯಾವರಿಕ್ಸ್. ಭಾರತದಲ್ಲಿ ಹುಟ್ಟಿದ ಆಟಗಾರನೊಬ್ಬನನ್ನು ಮೊಟ್ಟಮೊದಲು ಆರಿಸಿಕೊಂಡ ಎನ್‌ಬಿಎ ತಂಡವೂ ಅದೇ. ಪಂಜಾಬಿನ ಹಳ್ಳಿಯ ಹುಡುಗ ಸತ್ನಾಮ್ ಸಿಂಗ್ 2015ರ ಡ್ರಾಫ್ಟಿನಲ್ಲಿ 52ನೆಯವನಾಗಿ ಆಯ್ಕೆಯಾದದ್ದು ಈ ತಂಡಕ್ಕೆ. ನಮ್ಮ ಮನೆಯಲ್ಲಿ ಅಳಿಯನೂ ಹನ್ನೊಂದು ವರ್ಷದ ಮೊಮ್ಮಗನೂ ಮ್ಯಾವರಿಕ್ಸ್ ಭಕ್ತರು. ಟಿವಿಯ ಮುಂದೆ ಅವರಿಬ್ಬರ ನಡುವೆ ನನಗೊಂದು ಕುರ್ಚಿ ಕಾಯಂ ಆಗಿತ್ತು.

'ಟ್ರೇಡ್' ಎಂದರೇನು ಎಂಬುದನ್ನು ಮೊಮ್ಮಗನೇ ನನಗೆ ವಿವರಿಸಿದ. ತಂಡವೊಂದು ತನ್ನ ಆಟಗಾರನನ್ನು ಅವನ ಒಪ್ಪಂದದ ಸಮೇತ ಇನ್ನೊಂದು ತಂಡಕ್ಕೆ ಕೊಡುತ್ತದೆ, ಅದಕ್ಕೆ ಪ್ರತಿಯಾಗಿ ಆ ತಂಡದ ಆಟಗಾರನನ್ನು ಪಡೆಯುತ್ತದೆ. ಯುರೋಪಿನ ಫುಟ್‌ಬಾಲಿನಂತೆ ಥೈಲಿ ಬಿಚ್ಚಿ ಹಣ ಸುರಿದು ಕೊಳ್ಳುವ ಕ್ರಮ ಇಲ್ಲಿಲ್ಲ. ಮುಖ್ಯವಾಗಿ ಆಟಗಾರನಿಗೆ ಆಟಗಾರನೇ ಬೆಲೆ. ನಾನು ಕೂಡಲೇ, "ಹಾಗಾದರೆ ಇದು ನಮ್ಮ ಪರಸ್ಪರ ವರ್ಗಾವಣೆ ಕಣೋ" ಎಂದೆ. ನಮ್ಮ ಇಲಾಖೆಯಲ್ಲಿ ಆ ಹೆಸರಿನ ವ್ಯವಸ್ಥೆಯೇ ಇದೆ. ಬೀದರಿನ ಕಡೆ ಇರುವ ಮೈಸೂರಿನವರೂ ಮೈಸೂರಿನ ಕಡೆ ಇರುವ ಬೀದರಿನವರೂ ಪರಸ್ಪರ ಒಪ್ಪಿ ಅರ್ಜಿ ಹಾಕಿ ಜಾಗ ಬದಲಿಸಿಕೊಳ್ಳುವುದು. ಆದರೆ ನಮ್ಮದರಲ್ಲಿ ಅರ್ಜಿ ಹಾಕುವವರು ಹೋಗುವವರೇ. ಅಲ್ಲಿ ಹೋಗುವವನನ್ನು ಕೇಳುವ ಕಟ್ಟುಪಾಡು ತಂಡಕ್ಕಿಲ್ಲ. ಆ ವ್ಯತ್ಯಾಸದ ತೂಕ ನನಗೆ ತಿಳಿದದ್ದು ಆಮೇಲೆ.

ಮೊದಲು ನನ್ನನ್ನು ಸೆಳೆದದ್ದು ಅದರ ಲೆಕ್ಕ. ಗಣಿತದ ಮೇಷ್ಟರಿಗೆ ಬೇರೆ ಏನು ಕಾಣುತ್ತದೆ ಹೇಳಿ! 2024-25ರ ಸಾಲಿಗೆ ಒಂದು ತಂಡದ ಒಟ್ಟು ವೇತನದ ಮಿತಿ 14 ಕೋಟಿ 5 ಲಕ್ಷ 88 ಸಾವಿರ ಡಾಲರ್ ಎಂದು ನಿಗದಿಯಾಗಿತ್ತು. ಬಹುತೇಕ ತಂಡಗಳು ಯಾವುದಾದರೊಂದು ವಿನಾಯಿತಿಯಡಿ ಅದನ್ನು ಮೀರಿರುತ್ತವೆ. ಮೀರಿದ ತಂಡ ಟ್ರೇಡ್ ಮಾಡುವಾಗ, ಕಳಿಸುವವರ ವೇತನಕ್ಕೂ ಬರುವವರ ವೇತನಕ್ಕೂ ತಾಳೆಯಾಗಬೇಕು. ಇನ್ನೂ ಮೇಲೆ, ಸುಮಾರು 18 ಕೋಟಿ 89 ಲಕ್ಷ ಡಾಲರಿನಲ್ಲಿ ಇನ್ನೊಂದು ಗೆರೆ. ಅದಕ್ಕೆ ಅವರು 'ಎರಡನೆಯ ಏಪ್ರನ್' ಎಂದು ಹೆಸರಿಟ್ಟಿದ್ದಾರೆ. ಅಡುಗೆಮನೆಯಲ್ಲಿ ಕಟ್ಟಿಕೊಳ್ಳುತ್ತಾರಲ್ಲ, ಅದೇ ಏಪ್ರನ್. 2023ರ ಒಪ್ಪಂದದಲ್ಲಿ ಬಂದ ಈ ಗೆರೆಯನ್ನು ದಾಟಿದ ತಂಡ, ಇಬ್ಬರು ಆಟಗಾರರ ವೇತನವನ್ನು ಕೂಡಿಸಿ ಅದಕ್ಕೆ ಸಮನಾದ ವೇತನದ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ.

ತಕ್ಕಡಿ ಸಮವಾಗದಿದ್ದಾಗ ಹಾಕುವ ಕಲ್ಲೂ ಒಂದಿದೆ. ಅದು ಮುಂದಿನ ವರ್ಷಗಳ ಡ್ರಾಫ್ಟ್ ಹಕ್ಕು, ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ. ಏಳು ವರ್ಷ ಮುಂದಿನ ಸರದಿಯನ್ನೂ ಇಂದೇ ಕೊಟ್ಟುಬಿಡಬಹುದು. ಆ ಸರದಿಯಲ್ಲಿ ಆಯ್ಕೆಯಾಗಬೇಕಾದ ಹುಡುಗ ಇಂದು ಐದನೆಯ ತರಗತಿಯಲ್ಲೋ ಆರನೆಯ ತರಗತಿಯಲ್ಲೋ ಓದುತ್ತಿರಬಹುದು! 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಒಡೆಯ ಟೆಡ್ ಸ್ಟೆಪಿಯನ್ ಎಂಬುವರು ಹೀಗೆ ಬರುವ ವರ್ಷಗಳ ಬೀಜದ ಭತ್ತವನ್ನೆಲ್ಲ ಮಾರಿಕೊಂಡದ್ದನ್ನು ಕಂಡು, ಮುಂದಿನ ಎರಡು ವರ್ಷಗಳ ಮೊದಲ ಸರದಿಯನ್ನು ಒಂದರ ಹಿಂದೊಂದರಂತೆ ಯಾರೂ ಕಳೆದುಕೊಳ್ಳಬಾರದೆಂಬ ನಿಯಮ ಬಂತು. ಅದಕ್ಕೆ ಇಂದಿಗೂ ಅವರದೇ ಹೆಸರು.

ಈ ನಿಯಮಗಳನ್ನೆಲ್ಲ ಅಲ್ಲಿನ ಸಾಮಾನ್ಯ ಅಭಿಮಾನಿಗಳು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಫೆಬ್ರವರಿಯ ಮೊದಲ ವಾರದಲ್ಲಿ ಟ್ರೇಡುಗಳಿಗೆ ಕೊನೆಯ ದಿನ. 2025ರಲ್ಲಿ ಅದು ಫೆಬ್ರವರಿ 6. ಆ ದಿನ ಹತ್ತಿರ ಬಂದಂತೆಲ್ಲ ಜ್ವರ ಏರುತ್ತದೆ. ಕ್ಷೌರದಂಗಡಿಯಲ್ಲಿ, ಶಾಲೆಯ ಬಸ್ಸಿನಲ್ಲಿ, ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಕೂಡ ಅದೇ ಮಾತು. ಅಳಿಯನ ಸ್ನೇಹಿತರು ಊಟಕ್ಕೆ ಬಂದಾಗ, ಬಿಸಿಬೇಳೆಭಾತಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮೂರು ತಂಡಗಳ ನಡುವೆ ಐದು ಮಂದಿಯನ್ನು ಅತ್ತಿತ್ತ ಕಳಿಸಿ, ಎರಡು ಡ್ರಾಫ್ಟ್ ಹಕ್ಕುಗಳನ್ನು ಬದಲಿಸಿ, ಕೈ ತೊಳೆಯುವ ಹೊತ್ತಿಗೆ ಡಲ್ಲಾಸಿಗೆ ಚಾಂಪಿಯನ್ ಪಟ್ಟ ಕಟ್ಟಿಬಿಟ್ಟಿದ್ದರು. ಜಿಯಾಮಿತಿಯ ಪ್ರಮೇಯಕ್ಕೆ ಇಂಥ ಏಕಾಗ್ರತೆ ಸಿಕ್ಕಿದ್ದರೆ ನನ್ನ ತರಗತಿಯಲ್ಲಿ ಒಬ್ಬರೂ ಅನುತ್ತೀರ್ಣರಾಗುತ್ತಿರಲಿಲ್ಲ.

ಮೊಮ್ಮಗನ ಬಳಿ ಇದಕ್ಕೆಂದೇ ಒಂದು ನೋಟುಪುಸ್ತಕವಿತ್ತು. ಪ್ರತಿ ಪುಟದಲ್ಲೂ ನಡುವೆ ಒಂದು ಗೆರೆ. ಎಡಕ್ಕೆ ಕೊಡುವವರು, ಬಲಕ್ಕೆ ಬರುವವರು. ಹೆಸರಿನ ಮುಂದೆ ವೇತನ. ಕೆಳಗೆ ಕೂಡಿದ ಮೊತ್ತ. "ತಾತ, ಇದು ಟ್ಯಾಲಿ ಆಗುತ್ತಾ ನೋಡು" ಎಂದು ತಂದು ಕೊಡುತ್ತಿದ್ದ. ನಾನು ಕನ್ನಡಕ ಏರಿಸಿಕೊಂಡು ಕೂಡಿಸಿ ಕಳೆದು, "ಎಂಟು ಲಕ್ಷ ಹೆಚ್ಚಾಯಿತು ಮಗೂ" ಎಂದರೆ, ಅವನು ಒಂದು ಕ್ಷಣವೂ ಯೋಚಿಸದೆ ಇನ್ನೊಬ್ಬನ ಹೆಸರನ್ನು ಎಡದ ಸಾಲಿಗೆ ಸೇರಿಸಿ ಮೊತ್ತ ಸರಿದೂಗಿಸುತ್ತಿದ್ದ. ಹೀಗೆ ತಕ್ಕಡಿ ಸರಿಮಾಡಲು ಸೇರುವ ಹೆಸರುಗಳಲ್ಲಿ ಒಂದು ಪದೇ ಪದೇ ಬರುತ್ತಿತ್ತು: ಮ್ಯಾಕ್ಸಿ ಕ್ಲೀಬರ್. ಆ ಹೆಸರನ್ನು ನೆನಪಿನಲ್ಲಿಡಿ.

ಪುಸ್ತಕದ ಮೊದಲ ಪುಟದಲ್ಲಿ ಮಾತ್ರ ಒಂದೇ ಹೆಸರು, ಸುತ್ತಲೂ ಚೌಕ: ಲೂಕಾ ಡೊನ್‌ಚಿಚ್. "ಇವನನ್ನು ಕೊಡುವಂತಿಲ್ಲ, ಅದು ರೂಲ್" ಎಂದ ಮೊಮ್ಮಗ. ಅದು ಎನ್‌ಬಿಎಯ ನಿಯಮವಲ್ಲ. ಡಲ್ಲಾಸಿನ ಪ್ರತಿಯೊಬ್ಬ ಅಭಿಮಾನಿಯ ಎದೆಯ ನಿಯಮ. ಯುರೋಪಿನ ಪುಟ್ಟ ದೇಶ ಸ್ಲೊವೇನಿಯಾದ ಈ ಹುಡುಗ 2018ರಲ್ಲಿ ಹತ್ತೊಂಬತ್ತರ ಪ್ರಾಯದಲ್ಲಿ ಬಂದು, 2024ರಲ್ಲಿ ತಂಡವನ್ನು ಅಂತಿಮ ಹಣಾಹಣಿಗೆ ಒಯ್ದಿದ್ದ. ಅಲ್ಲಿ ಬಾಸ್ಟನ್ ತಂಡಕ್ಕೆ ಸೋತರೂ ಊರಿನ ಭರವಸೆ ಸೋತಿರಲಿಲ್ಲ. ಅವನಿಗಿಂತ ಹಿಂದೆ ಡರ್ಕ್ ನೊವಿಟ್ಸ್ಕಿ ಎಂಬ ಜರ್ಮನ್ ಆಟಗಾರ 1998ರಿಂದ 2019ರ ತನಕ, ಇಪ್ಪತ್ತೊಂದು ಸಾಲುಗಳನ್ನು ಇದೊಂದೇ ತಂಡದಲ್ಲಿ ಆಡಿ 2011ರಲ್ಲಿ ಪಟ್ಟ ತಂದುಕೊಟ್ಟಿದ್ದ. ಕ್ರೀಡಾಂಗಣದ ಹೊರಗೆ ಅವನ ಪ್ರತಿಮೆಯಿದೆ. ಲೂಕಾ ಕೂಡ ಹಾಗೆಯೇ ಇಲ್ಲೇ ಹಣ್ಣಾಗುವವನು ಎಂದು ಊರು ನಂಬಿತ್ತು. ಬೆಂಗಳೂರಿನವರಿಗೆ ಅರ್ಥವಾಗಬೇಕಾದರೆ ಹೀಗೆ ಹೇಳುತ್ತೇನೆ: 2008ರಿಂದ ಒಂದೇ ತಂಡದ ಅಂಗಿ ತೊಟ್ಟ ವಿರಾಟ್ ಕೊಹ್ಲಿಯನ್ನು ಇಪ್ಪತ್ತೈದನೆಯ ವಯಸ್ಸಿನಲ್ಲಿ, ಸಾಲಿನ ನಡುವೆ, ಒಂದು ರಾತ್ರಿ ಚೆನ್ನೈಗೋ ಮುಂಬಯಿಗೋ ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತೋ ಊಹಿಸಿಕೊಳ್ಳಿ.

ಅದೇ ಆಯಿತು. 2025ರ ಫೆಬ್ರವರಿ 1, ಶನಿವಾರ, ಡಲ್ಲಾಸಿನಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಲೂಕಾನನ್ನು ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ಕೊಡಲಾಗಿದೆ ಎಂದು ಶಾಮ್ಸ್ ಚರಾನಿಯಾ ಎಂಬ ಕ್ರೀಡಾ ವರದಿಗಾರರು ಸುದ್ದಿ ಹೊರಡಿಸಿದರು. ಅವರ ಖಾತೆಗೆ ಯಾರೋ ಕನ್ನ ಹಾಕಿದ್ದಾರೆಂದೇ ಬಹಳ ಮಂದಿ ತಿಳಿದರು. ಸುದ್ದಿ ನಿಜವಾಗಿತ್ತು. ಲೂಕಾನೊಡನೆ ಮ್ಯಾಕ್ಸಿ ಕ್ಲೀಬರ್ ಮತ್ತು ಮಾರ್ಕೀಫ್ ಮಾರಿಸ್ ಲೇಕರ್ಸಿಗೆ. ಅತ್ತಣಿಂದ ಆಂಥೊನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು 2029ರ ಮೊದಲ ಸರದಿಯ ಡ್ರಾಫ್ಟ್ ಹಕ್ಕು ಡಲ್ಲಾಸಿಗೆ. ಜೇಲನ್ ಹುಡ್-ಶಿಫಿನೋ ಎಂಬ ಹುಡುಗ ಯೂಟಾ ತಂಡಕ್ಕೆ. ಲೂಕಾ ಮತ್ತು ಡೇವಿಸ್ ಇಬ್ಬರ ವಾರ್ಷಿಕ ವೇತನವೂ 4 ಕೋಟಿ 30 ಲಕ್ಷ ಡಾಲರಿನ ಆಸುಪಾಸು. ಲೆಕ್ಕ ಚೆನ್ನಾಗಿಯೇ ತಾಳೆಯಾಗಿತ್ತು.

ಭಾನುವಾರ ಬೆಳಿಗ್ಗೆ ದೋಸೆಯ ಕಾವಲಿಯ ಮುಂದೆ ಅಳಿಯ ಈ ಸುದ್ದಿ ಹೇಳಿದಾಗ ಮೊಮ್ಮಗ ನಕ್ಕ. ಅಪ್ಪ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ. ಆಮೇಲೆ ಅಪ್ಪನ ಮುಖ ನೋಡಿದ. ದೋಸೆ ತಟ್ಟೆಯಲ್ಲೇ ಉಳಿಯಿತು. ಸ್ವಲ್ಪ ಹೊತ್ತಿನ ಬಳಿಕ ಬಂದು ನನ್ನ ಪಕ್ಕ ಕುಳಿತು, "ಅವನನ್ನು ಕೇಳಿದರಾ ತಾತ?" ಎಂದ. ಕೇಳಿರಲಿಲ್ಲ. ಲೂಕಾನಿಗೂ ಇದು ಸಿಡಿಲೆರಗಿದಂತೆಯೇ ಆಗಿತ್ತು. ಕಾಲಿನ ಮೀನಖಂಡದ ನೋವಿನಿಂದ ಕ್ರಿಸ್ಮಸ್ಸಿನಿಂದಲೂ ಅವನು ಆಡಿರಲಿಲ್ಲ. ಮುಂದೆ ಆಡಿದರೆ ಇಲ್ಲಿಯೇ ಎಂದುಕೊಂಡಿದ್ದ.

ಮುಂದಿನ ದಿನಗಳಲ್ಲಿ ಆ ನಗರದಲ್ಲಿ ಕಂಡದ್ದನ್ನು ಶೋಕವೆಂದೇ ಕರೆಯಬೇಕು. ಜನರು ಕ್ರೀಡಾಂಗಣದ ಮುಂದೆ ಸೇರಿ, ನೊವಿಟ್ಸ್ಕಿಯ ಪ್ರತಿಮೆಯ ಕಾಲಬುಡದಲ್ಲಿ ಹೂಗಳನ್ನೂ ಲೂಕಾನ 77ನೆಯ ಸಂಖ್ಯೆಯ ಅಂಗಿಗಳನ್ನೂ ಇಟ್ಟರು. ಅಣಕು ಶವಪೆಟ್ಟಿಗೆಯನ್ನೂ ತಂದರು. ಟ್ರೇಡ್ ಮಾಡಿದ ಜನರಲ್ ಮ್ಯಾನೇಜರ್ ನಿಕೋ ಹ್ಯಾರಿಸನ್ ಅವರನ್ನು ತೆಗೆದುಹಾಕಿ ಎಂಬ ಕೂಗು ಪಂದ್ಯದಿಂದ ಪಂದ್ಯಕ್ಕೆ ಮೊಳಗತೊಡಗಿತು. ಅವರು ಕೊಟ್ಟ ಕಾರಣ, ಎದುರಾಳಿಯನ್ನು ತಡೆಯುವ ಬಲವೇ ಪಟ್ಟ ಗೆಲ್ಲಿಸುತ್ತದೆ, ಡೇವಿಸ್ ಅಂಥವರು ಎಂಬುದು. ಇನ್ನೊಂದು ಲೆಕ್ಕವೂ ಹಿನ್ನೆಲೆಯಲ್ಲಿತ್ತು. ಆ ಬೇಸಿಗೆಯಲ್ಲಿ ಡಲ್ಲಾಸಿನಲ್ಲೇ ಇದ್ದಿದ್ದರೆ ಲೂಕಾ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರಿನ ಒಪ್ಪಂದಕ್ಕೆ ಅರ್ಹನಾಗುತ್ತಿದ್ದ. ತಂಡ ಬದಲಾದ ಕ್ಷಣವೇ ಆ ಅರ್ಹತೆ ಹೋಯಿತು.

ಇಲ್ಲಿ ನನಗೆ ಯೋಚನೆಗೆ ಹತ್ತಿದ ವಿಷಯ ಇದು. ಲಕ್ಷಾಂತರ ಜನ ತಿಂಗಳುಗಟ್ಟಲೆ ಕುಳಿತು ಸಾವಿರಾರು ಟ್ರೇಡುಗಳನ್ನು ಊಹಿಸಿದರಲ್ಲ, ನಡೆದ ಈ ಒಂದನ್ನು ಮಾತ್ರ ಯಾರೂ ಏಕೆ ಊಹಿಸಲಿಲ್ಲ? ನಿಯಮ ಅಡ್ಡಬಂದಿರಲಿಲ್ಲ; ಮೊತ್ತವೂ ಸುಲಭವಾಗಿ ತಾಳೆಯಾಗುವಂತಿತ್ತು. ಕಾರಣ ಒಂದೇ. ಅಭಿಮಾನಿಯ ಲೆಕ್ಕಪುಸ್ತಕದಲ್ಲಿ ಒಂದು ಹೆಸರಿನ ಸುತ್ತ ಯಾವಾಗಲೂ ಚೌಕವಿರುತ್ತದೆ. ಅವನು ತನ್ನ ಪ್ರೀತಿಯನ್ನು ಮನೆಯಲ್ಲಿಟ್ಟು ಉಳಿದದ್ದನ್ನು ಮಾತ್ರ ಸಂತೆಗೆ ಒಯ್ಯುತ್ತಾನೆ. ತಂಡದ ಯಜಮಾನನ ಪುಸ್ತಕದಲ್ಲಿ ಆ ಚೌಕವಿಲ್ಲ. ಅಭಿಮಾನಿಗಳು ತಾವೂ ಯಜಮಾನರ ಹಾಗೆಯೇ ಯೋಚಿಸುತ್ತಿದ್ದೇವೆ ಎಂದು ನಂಬಿ ಆಡುವ ಆಟ ಇದು. ಆದರೆ ಎರಡು ಪುಸ್ತಕಗಳೂ ಬೇರೆ ಬೇರೆ ಎಂಬುದು ಆ ಶನಿವಾರ ರಾತ್ರಿ ಬಯಲಾಯಿತು.

ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಒಂದೆರಡು ದಿನ ಕಳೆದು ಮೊಮ್ಮಗ ಸಮಾಧಾನಗೊಂಡ ಮೇಲೆ ನಾನು ಅವನನ್ನು ಕೇಳಿದೆ: "ಲೂಕಾನ ಜೊತೆ ಹೋದನಲ್ಲ ಕ್ಲೀಬರ್, ಅವನು ಇಲ್ಲಿ ಎಷ್ಟು ವರ್ಷ ಇದ್ದ?" ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಕುಳಿತು ಹುಡುಕಿದೆವು. ಕ್ಲೀಬರ್ ಬಂದದ್ದು 2017ರಲ್ಲಿ, ಲೂಕಾನಿಗಿಂತ ಒಂದು ವರ್ಷ ಮೊದಲೇ. ಎಂಟನೆಯ ಸಾಲು ನಡೆಯುತ್ತಿತ್ತು. ಟ್ರೇಡಿಗೆ ಮೂರು ದಿನ ಮೊದಲಷ್ಟೇ ಮೂವತ್ತಮೂರು ತುಂಬಿತ್ತು. ಅದಕ್ಕೂ ಕೆಲ ದಿನ ಮೊದಲು ಪಾದದ ಮೂಳೆ ಮುರಿದುಕೊಂಡಿದ್ದ. ಹುಟ್ಟಿದ ಊರು ಜರ್ಮನಿಯ ವುರ್ಟ್ಸ್‌ಬುರ್ಗ್. ಯಾರ ಪ್ರತಿಮೆಯ ಕೆಳಗೆ ಜನ ಹೂವಿಟ್ಟರೋ ಆ ನೊವಿಟ್ಸ್ಕಿಯ ಹುಟ್ಟೂರೂ ಅದೇ. ಇಷ್ಟೆಲ್ಲ ಇದ್ದರೂ ಆ ಹೂರಾಶಿಯ ಚಿತ್ರಗಳಲ್ಲಿ ನಾನು ಕಂಡ ಅಂಗಿಗಳೆಲ್ಲ 77ನೆಯ ಸಂಖ್ಯೆಯವು; ಕ್ಲೀಬರ್ ಹೆಸರಿನದು ಒಂದೂ ಕಾಣಲಿಲ್ಲ. ಇನ್ನು ಯೂಟಾಕ್ಕೆ ಹೋದ ಹುಡುಗನ ಗತಿ ಕೇಳಿ: ಆ ತಂಡ ಅವನನ್ನು ಕೆಲವೇ ದಿನಗಳಲ್ಲಿ ಕೈಬಿಟ್ಟಿತು.

ಇದನ್ನು ಓದುತ್ತಿದ್ದಾಗ ನನಗೆ ನನ್ನ ಸೇವೆಯ ಮೊದಲ ವರ್ಷಗಳ ಒಂದು ಜನವರಿ ನೆನಪಾಯಿತು. ಮಲೆನಾಡಿನ ಒಂದು ಹಳ್ಳಿಯ ಶಾಲೆಯಿಂದ ಒಂದೇ ಆದೇಶದಲ್ಲಿ ನಾವು ಮೂವರು ವರ್ಗವಾದೆವು. ಹತ್ತನೆಯ ತರಗತಿಯ ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಮುಖ್ಯೋಪಾಧ್ಯಾಯರನ್ನು ಊರವರು ಹಾರ ಹಾಕಿ, ವಾಲಗ ಊದಿಸಿ, ಎತ್ತಿನ ಗಾಡಿಯಲ್ಲಿ ಕೂರಿಸಿ ಬಸ್ ನಿಲ್ದಾಣದ ತನಕ ಕರೆದೊಯ್ದರು. ನನ್ನನ್ನು ಕಳಿಸಿಕೊಡಲು ಮಕ್ಕಳು ಬಂದಿದ್ದರು; ಕೆಲವರು ಅಳುತ್ತಿದ್ದರು. ಮೂರನೆಯವರು ಹೊಲಿಗೆಯ ಮೇಡಂ. ನಮ್ಮಿಬ್ಬರಿಗಿಂತಲೂ ಹೆಚ್ಚು ವರ್ಷ ಆ ಶಾಲೆಯಲ್ಲಿದ್ದವರು. ಊರಿನ ಎಷ್ಟೋ ಹೆಣ್ಣುಮಕ್ಕಳು ಅವರಿಂದ ಕಲಿತು ಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡಿದ್ದರು. ಅವರಿಗೆ ಹಾರ ಬಂದಿರಲಿಲ್ಲ. ಜವಾನ ಅವರ ಟ್ರಂಕನ್ನು ಬಸ್ಸಿನ ಮೇಲೇರಿಸಿದ, ನಾನು ಕೆಳಗಿನಿಂದ ಕೈ ಕೊಟ್ಟೆ. ದಾರಿಯುದ್ದಕ್ಕೂ ಮೇಡಂ ಕೇಳಿದ್ದು ಒಂದೇ ಮಾತು: "ಹೊಸ ಊರಲ್ಲಿ ಬಾಡಿಗೆಗೆ ಮನೆ ಸಿಗುತ್ತೋ ಇಲ್ಲವೋ ಮೇಷ್ಟ್ರೇ?"

ಆಟಗಾರನಿಗೆ ಮನೆಯ ಚಿಂತೆಯೇ, ಕೋಟಿಗಟ್ಟಲೆ ಡಾಲರ್ ಎಣಿಸುವವನಿಗೆ ಏಕೆ ಮರುಗಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಅಮೆರಿಕದ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಸೇಂಟ್ ಲೂಯಿಸ್ ತಂಡದಲ್ಲಿ ಹನ್ನೆರಡು ಸಾಲು ಆಡಿದ ಅವರನ್ನು 1969ರಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಟ್ರೇಡ್ ಮಾಡಿದಾಗ ಅವರು ಹೋಗಲು ಒಪ್ಪಲಿಲ್ಲ. ಸಂಬಳ ಕಡಿಮೆಯೆಂದಲ್ಲ, ವರ್ಷಕ್ಕೆ ತೊಂಬತ್ತು ಸಾವಿರ ಡಾಲರ್ ಬರುತ್ತಿತ್ತು. ತಮ್ಮನ್ನು ಕೇಳದೆ ಸರಕಿನಂತೆ ಸಾಗಿಸುವುದು ತಪ್ಪು ಎಂಬ ಕಾರಣಕ್ಕೆ. ಮೊಕದ್ದಮೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ತನಕ ಹೋಗಿ 1972ರಲ್ಲಿ ಅವರು ಸೋತರು. ಆಟದ ಬದುಕನ್ನೂ ಕಳೆದುಕೊಂಡರು. ಬ್ಯಾಸ್ಕೆಟ್‌ಬಾಲಿನಲ್ಲಿ ಆಸ್ಕರ್ ರಾಬರ್ಟ್‌ಸನ್ ಅವರ ಹೆಸರಿನಲ್ಲಿ ಆಟಗಾರರು 1970ರಲ್ಲಿ ಹೂಡಿದ ದಾವೆ 1976ರಲ್ಲಿ ರಾಜಿಯಾಗಿ, ಒಪ್ಪಂದ ಮುಗಿದ ಆಟಗಾರ ತನ್ನಿಷ್ಟದ ತಂಡಕ್ಕೆ ಹೋಗುವ ದಾರಿ ತೆರೆಯಿತು. ಆದರೆ ಒಪ್ಪಂದ ನಡೆಯುತ್ತಿರುವಾಗ ಟ್ರೇಡನ್ನು ಬೇಡವೆನ್ನುವ ಹಕ್ಕು ಇಂದಿಗೂ ಬೆರಳೆಣಿಕೆಯವರಿಗೆ ಮಾತ್ರ. ಅಂಥ ಷರತ್ತು ಹಾಕಿಸಿಕೊಳ್ಳಲು ಎನ್‌ಬಿಎಯಲ್ಲಿ ಎಂಟು ವರ್ಷ, ಅದೇ ತಂಡದಲ್ಲಿ ನಾಲ್ಕು ವರ್ಷ ಆಡಿರಬೇಕು. ಏಳನೆಯ ಸಾಲಿನಲ್ಲಿದ್ದ ಲೂಕಾನಿಗೆ ಅದು ಎಟುಕುವಂತೆಯೇ ಇರಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ದೊಡ್ಡ ಆಟಗಾರರು ಬಾಯಿಬಿಟ್ಟು ಕೇಳಿ, ಹಟ ಹಿಡಿದು ತಂಡ ಬದಲಿಸುವುದೂ ಉಂಟು. ಆಂಥೊನಿ ಡೇವಿಸ್ ಅವರೇ 2019ರಲ್ಲಿ ನ್ಯೂ ಆರ್ಲಿಯನ್ಸ್ ತಂಡವನ್ನು ಬಿಡುತ್ತೇನೆಂದು ಕೇಳಿ ಲೇಕರ್ಸಿಗೆ ಹೋದವರು. ಕೇಳಿ ಹೋದವರನ್ನು ಆರು ವರ್ಷದ ಬಳಿಕ ಕೇಳದೆ ಕಳಿಸಿದರು. ಲೂಕಾ ಡಲ್ಲಾಸಿಗೆ ಬಂದದ್ದೂ ಇದೇ ದಾರಿಯಲ್ಲಿ. 2018ರ ಡ್ರಾಫ್ಟಿನಲ್ಲಿ ಅವನನ್ನು ಆರಿಸಿದ್ದು ಅಟ್ಲಾಂಟಾ. ಅದೇ ರಾತ್ರಿ ಟ್ರೇ ಯಂಗ್ ಎಂಬ ಇನ್ನೊಬ್ಬ ಹುಡುಗನಿಗೂ ಒಂದು ಡ್ರಾಫ್ಟ್ ಹಕ್ಕಿಗೂ ಬದಲಾಗಿ ಡಲ್ಲಾಸಿಗೆ ಕೊಟ್ಟಿತು. ಬಂದಾಗ ಸಿಹಿಯಾಗಿದ್ದ ದಾರಿ ಹೋಗುವಾಗ ಕಹಿಯಾಗುತ್ತದೆ. ವರ್ಗಾವಣೆಯ ಪಟ್ಟಿಯನ್ನು ಕಂಡವರಿಗೆಲ್ಲ ಇದು ಗೊತ್ತು.

ಆದೇಶ ಬರುವ ರೀತಿಯಲ್ಲಂತೂ ನಮ್ಮ ಇಲಾಖೆಯನ್ನು ಮೀರಿಸಿದ್ದಾರೆ. 2019ರ ಫೆಬ್ರವರಿ 6ರಂದು ಹ್ಯಾರಿಸನ್ ಬಾರ್ನ್ಸ್ ಎಂಬ ಡಲ್ಲಾಸ್ ಆಟಗಾರ ಪಂದ್ಯದ ನಡುವೆ ಬೆಂಚಿನ ಮೇಲೆ ಕುಳಿತಿದ್ದಾಗಲೇ ಸ್ಯಾಕ್ರಮೆಂಟೋ ತಂಡಕ್ಕೆ ಟ್ರೇಡ್ ಆದರು. ಮುಂಬಯಿಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಒಡೆತನದ ತಂಡ ಅದು. ಬಾರ್ನ್ಸ್ ಅಂದು ಎದ್ದು ಹೋಗದೆ, ಅಲ್ಲೇ ಕುಳಿತು ನಿನ್ನೆಯ ಜೊತೆಗಾರರ ಆಟ ನೋಡಿದರು. ಇನ್ನು 2025ರ ಫೆಬ್ರವರಿಯಲ್ಲಿಯೇ ಲೇಕರ್ಸ್ ತಂಡ ಡಾಲ್ಟನ್ ನೆಕ್ಟ್ ಎಂಬ ಹೊಸ ಹುಡುಗನನ್ನು ಶಾರ್ಲಟ್ ತಂಡಕ್ಕೆ ಕೊಟ್ಟಿತು. ಪ್ರತಿಯಾಗಿ ಬರಬೇಕಿದ್ದ ಮಾರ್ಕ್ ವಿಲಿಯಮ್ಸ್ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗದ್ದರಿಂದ ಟ್ರೇಡ್ ರದ್ದಾಗಿ, ಆ ಹುಡುಗ ಹೋದ ದಾರಿಯಲ್ಲೇ ಹಿಂದಿರುಗಿ ಬಂದ. ಬಿಡುಗಡೆ ಪತ್ರ ಪಡೆದು, ಹೊಸ ಊರಿನಲ್ಲಿ ಹಾಜರಾಗಿ, ಆದೇಶ ರದ್ದಾಗಿ ಹಳೆಯ ಶಾಲೆಯ ಮೆಟ್ಟಿಲನ್ನು ಮತ್ತೆ ಹತ್ತಿದ ಶಿಕ್ಷಕರ ಮುಖವನ್ನು ನಾನು ಬಲ್ಲೆ. ಕೊಟ್ಟಮೇಲೆ ಮರಳಿ ಬಂದವನನ್ನು ಮನೆಯವರು ಹೇಗೆ ಮಾತನಾಡಿಸಬೇಕು, ಅವನು ಹೇಗೆ ತಲೆಯೆತ್ತಬೇಕು?

ನಮ್ಮಲ್ಲಿ 2007ರಲ್ಲಿ ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸುವ ಕಾನೂನು ಬಂತು. 2020ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಅವುಗಳಲ್ಲಿ ಲೋಪಗಳಿಲ್ಲವೆಂದು ಯಾರೂ ಹೇಳರು. ಆದರೆ ಕೌನ್ಸೆಲಿಂಗ್ ಎಂಬ ಒಂದು ಒಳ್ಳೆಯ ಪದ್ಧತಿ ನಿಂತಿತು. ಕೋರಿಕೆಯ ಮೇಲೆ ಹೋಗುವ ಶಿಕ್ಷಕಿ ತನ್ನ ಸರದಿ ಬಂದಾಗ ಖಾಲಿ ಜಾಗಗಳ ಪಟ್ಟಿಯ ಮುಂದೆ ಕುಳಿತು, ಇರುವುದರಲ್ಲಿ ತನಗೆ ಬೇಕಾದುದನ್ನು ತಾನೇ ಆರಿಸುತ್ತಾಳೆ. ಆ ಕುರ್ಚಿಯ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು ಡಲ್ಲಾಸಿನಲ್ಲಿ. ಯಾದಗಿರಿ ಜಿಲ್ಲೆಯ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿಗೆ ತನ್ನ ಊರಿನ ವಿಷಯದಲ್ಲಿ ಇರುವ ಅಷ್ಟು ಮಾತು, 4 ಕೋಟಿ 30 ಲಕ್ಷ ಡಾಲರ್ ಸಂಪಾದಿಸುವ ಜಗದ್ವಿಖ್ಯಾತ ಆಟಗಾರನಿಗೆ ಇರಲಿಲ್ಲ.

ಏಪ್ರಿಲ್ 9ರಂದು ಲೂಕಾ ಲೇಕರ್ಸಿನ ಅಂಗಿ ತೊಟ್ಟು ಡಲ್ಲಾಸಿಗೆ ಆಡಲು ಬಂದ. ನಾನು ಹೊರಡುವ ದಿನ ಹತ್ತಿರವಾಗಿತ್ತು. ಮನೆಮಂದಿಯೆಲ್ಲ ಟಿವಿಯ ಮುಂದೆ ಕುಳಿತೆವು. ಪಂದ್ಯಕ್ಕೆ ಮೊದಲು ಅವನ ಏಳು ಸಾಲುಗಳ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದಾಗ ಅವನು ಬೆಂಚಿನಲ್ಲಿ ಕುಳಿತು ಕಣ್ಣೀರು ಒರೆಸಿಕೊಂಡ. ಆಮೇಲೆ ಎದ್ದು 45 ಅಂಕ ಗಳಿಸಿದ. ಲೇಕರ್ಸ್ 112-97ರಿಂದ ಗೆದ್ದಿತು. ತಮ್ಮ ತಂಡ ಸೋಲುತ್ತಿದ್ದರೂ ಇಡೀ ಕ್ರೀಡಾಂಗಣ ಎದುರಾಳಿಗೆ ಜಯಕಾರ ಹಾಕುತ್ತಿತ್ತು. ತವರಿನಿಂದ ಹೋದ ಮಗಳು ಮೊದಲ ಸಲ ಬಂದಾಗ ಊರು ನೋಡುವಂತೆ ನೋಡುತ್ತಿತ್ತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಡೇವಿಸ್ ಡಲ್ಲಾಸಿನ ಮೊದಲ ಪಂದ್ಯದಲ್ಲೇ ಚೆನ್ನಾಗಿ ಆಡಿ, ಅಂದೇ ಗಾಯಗೊಂಡಿದ್ದರು. ಆ ಸಾಲಿನ ಮ್ಯಾವರಿಕ್ಸ್ 39 ಗೆದ್ದು 43 ಸೋತಿತು. ಮೇ ತಿಂಗಳ ಡ್ರಾಫ್ಟ್ ಲಾಟರಿಯಲ್ಲಿ ಶೇಕಡಾ 1.8ರಷ್ಟೇ ಸಾಧ್ಯತೆಯಿದ್ದ ಅದೇ ತಂಡಕ್ಕೆ ಮೊದಲ ಸರದಿ ಒಲಿದು, ಕೂಪರ್ ಫ್ಲ್ಯಾಗ್ ಎಂಬ ಹದಿನೆಂಟರ ಹುಡುಗ ಬಂದ. 2025ರ ನವೆಂಬರ್ 11ರಂದು ಹ್ಯಾರಿಸನ್ ಅವರನ್ನು ತಂಡ ಕೆಲಸದಿಂದ ತೆಗೆಯಿತು. ಕೂಗಿದವರಿಗೆ ಸಮಾಧಾನವಾಗಿರಬಹುದು, ಆದರೆ ತೆಗೆದುಹಾಕಿ ಎಂದು ತಿಂಗಳುಗಟ್ಟಲೆ ಕೂಗಿಸಿಕೊಂಡ ಆ ಮನುಷ್ಯನೂ ಒಂದು ಪಟ್ಟಿಯ ಹೆಸರೇ ಆದ.

ಮೊಮ್ಮಗ ಈಗಲೂ ಟ್ರೇಡುಗಳನ್ನು ಬರೆಯುತ್ತಾನೆ, ದೂರವಾಣಿಯಲ್ಲಿ ನನಗೆ ಓದಿ ಹೇಳುತ್ತಾನೆ. ಬೇಡವೆಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನಾಳೆ ಇಂದಿಗಿಂತ ಚೆನ್ನಾಗಿರಬಹುದೆಂದು ಕೂಡಿ ಕಳೆಯುವುದು ಮನುಷ್ಯನ ಸ್ವಭಾವ. ಶಿಕ್ಷಕರ ಕೊಠಡಿಯಲ್ಲಿ ನಾವೂ ಅದನ್ನೇ ಮಾಡಿದೆವು. ಆದರೆ ಈಗ ಪುಸ್ತಕದಲ್ಲಿ ವೇತನದ ಪಕ್ಕದಲ್ಲಿ ಅವನೇ ಎಳೆದುಕೊಂಡ ಇನ್ನೊಂದು ಸಾಲಿದೆಯಂತೆ: ಆ ಆಟಗಾರ ಆ ಊರಿನಲ್ಲಿ ಎಷ್ಟು ವರ್ಷದಿಂದ ಇದ್ದಾನೆ ಎಂಬುದು. ಅದನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ, ಬರೆದಿಡುತ್ತಾನೆ ಅಷ್ಟೇ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇಂದು ಪಟ್ಟಿ ತಯಾರಿಸುವ ಜಾಗಗಳಲ್ಲಿದ್ದೀರಿ; ಬ್ಯಾಂಕುಗಳಲ್ಲಿ, ಕಂಪನಿಗಳಲ್ಲಿ, ಇಲಾಖೆಗಳಲ್ಲಿ. ಇನ್ನೆಷ್ಟೋ ಮಂದಿ ಪಟ್ಟಿಯಲ್ಲಿ ಹೆಸರು ಹುಡುಕುವ ಜಾಗದಲ್ಲಿದ್ದೀರಿ. ಲೆಕ್ಕ ತಾಳೆಯಾಗಲೇಬೇಕು, ಅದನ್ನು ನಿಮಗೆ ಕಲಿಸಿದವನೇ ನಾನು. ತಾಳೆಯಾದ ಮೇಲೆ ಒಮ್ಮೆ ಮೂರನೆಯ ಹೆಸರನ್ನೂ ನಿಧಾನವಾಗಿ ಓದಿ. ಮೊದಲನೆಯ ಹೆಸರಿಗೆ ಹಾರ ತರುವವರು ಯಾವಾಗಲೂ ಇರುತ್ತಾರೆ. ನಿಮ್ಮ ಕಚೇರಿಯಿಂದಲೋ ಶಾಲೆಯಿಂದಲೋ ಯಾರಾದರೂ ಸದ್ದಿಲ್ಲದೆ ಹೊರಟಿದ್ದರೆ, ಟ್ರಂಕು ಎತ್ತುವಾಗ ಕೆಳಗಿನಿಂದ ಒಂದು ಕೈ ಕೊಡಿ. ಹೊಸ ಊರಿನಲ್ಲಿ ಮನೆ ಸಿಕ್ಕಿತೇ ಎಂದು ಒಂದು ಮಾತು ಕೇಳಿ.